ವೈರಾಣುವಿನ ಪಾಠಾಂತರಗಳು

ಅಚ್ಚಿನ ಯಂತ್ರ ಬರುವುದಕ್ಕೆ ಮುನ್ನ ನಮ್ಮ ನಾಡಿನ ಗ್ರಂಥಗಳಲ್ಲಿ ಬಹುಪಾಲು ತಾಳೆಗರಿಗಳ ಮೇಲೆ ಉಳಿದುಬಂದುವು. ಲಿಪಿಕಾರನು ಒಂದು ಪ್ರತಿಯನ್ನು ನೋಡಿ ಇನ್ನೊಂದನ್ನು ಬರೆಯುತ್ತಿದ್ದನು. ಎಷ್ಟೇ ಎಚ್ಚರ ವಹಿಸಿದರೂ ಎಲ್ಲಿಯೋ ಒಂದು ಅಕ್ಷರ ತಪ್ಪುತ್ತಿತ್ತು. ಒಂದು ಕೊಂಬು ಬಿಟ್ಟುಹೋಗುತ್ತಿತ್ತು. ಆ ತಪ್ಪು ಮುಂದಿನ ಪ್ರತಿಗಳಿಗೂ ಇಳಿಯುತ್ತಿತ್ತು. ಹೀಗೆ ಒಂದೇ ಕಾವ್ಯಕ್ಕೆ ಹಲವು ಪಾಠಾಂತರಗಳು ಹುಟ್ಟಿದುವು. ವೈರಾಣುಗಳ ವಂಶದಲ್ಲಿಯೂ ಇಂಥದೇ ವ್ಯಾಪಾರ ನಡೆಯುತ್ತದೆ. ಕಾವ್ಯದ ಪಾಠಾಂತರ ವಿದ್ವಾಂಸರನ್ನು ಕಾಡುತ್ತದೆ. ವೈರಾಣುವಿನ ಪಾಠಾಂತರವಾದರೋ ಮನುಷ್ಯನ ಪ್ರಾಣಕ್ಕೇ ಎರವಾಗಬಲ್ಲದು.

ವೈರಾಣುವಿನ ರಚನೆ ಬಹಳ ಸರಳವಾದುದು. ಹೊರಗೆ ಪ್ರೋಟೀನಿನ ಕವಚ, ಒಳಗೆ ಡಿ.ಎನ್.ಎ. ಅಥವಾ ಆರ್.ಎನ್.ಎ. ಎಂಬ ಎಳೆ. ವೈರಾಣುವಿನ ವಂಶದ ಬರಹವೆಲ್ಲ ಈ ಎಳೆಯಲ್ಲಿ ಅಡಗಿದೆ. ಅದು ತಾನಾಗಿ ಬೆಳೆಯಲಾರದು. ಬೇರೊಂದು ಜೀವಕೋಶವನ್ನು ಹೊಕ್ಕು, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ನಮ್ಮ ಜೀವಕೋಶಗಳಲ್ಲಿ ಪ್ರತಿಯ ತಪ್ಪುಗಳನ್ನು ತಿದ್ದುವ ಏರ್ಪಾಡು ಉಂಟು. ಆರ್.ಎನ್.ಎ. ವೈರಾಣುಗಳಲ್ಲಿ ಹೆಚ್ಚಿನವಕ್ಕೆ ಆ ಏರ್ಪಾಡಿಲ್ಲ. ಅಂಥ ತಪ್ಪಿಗೆ ಉತ್ಪರಿವರ್ತನೆ ಎಂದು ಹೆಸರು.

1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಏಡ್ಸ್ ರೋಗದ ಮೂಲವಾದ ವೈರಾಣುವನ್ನು ಗುರುತಿಸಿದರು. ಎಚ್.ಐ.ವಿ. ಎಂಬ ಈ ವೈರಾಣುವಿನ ಬರಹದಲ್ಲಿ ಸುಮಾರು ಒಂಬತ್ತು ಸಾವಿರಕ್ಕೂ ಮೀರಿದ ಅಕ್ಷರಗಳಿವೆ. ಅದನ್ನು ನಕಲು ಮಾಡುವ ಕಿಣ್ವವು ಅಜಾಗರೂಕ ಲಿಪಿಕಾರನಿದ್ದಂತೆ. ಕೆಲವು ಪ್ರತಿಗಳಿಗೊಂದರಂತೆ ತಪ್ಪು ಮಾಡುತ್ತಲೇ ಇರುತ್ತದೆ. ಚಿಕಿತ್ಸೆಯಿಲ್ಲದ ರೋಗಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ವೈರಾಣುಗಳು ಹುಟ್ಟುತ್ತವೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆದುದರಿಂದ ಒಬ್ಬನೇ ರೋಗಿಯ ರಕ್ತದಲ್ಲಿಯೂ ಲೆಕ್ಕವಿಲ್ಲದಷ್ಟು ಪಾಠಾಂತರಗಳು ಒಟ್ಟಿಗೆ ಇರುತ್ತವೆ. ಬಹುಪಾಲು ತಪ್ಪುಗಳು ವೈರಾಣುವಿಗೇ ಹಾನಿಕರ, ಕೆಲವು ನಿರುಪದ್ರವಿ. ಎಲ್ಲೋ ಒಂದು ಮಾತ್ರ ಸಮಯಕ್ಕೆ ಒದಗಿಬರುತ್ತದೆ.

ಆ ಸಮಯ ಬರುವುದು ಔಷಧಿ ದೇಹವನ್ನು ಸೇರಿದಾಗ. ಎಚ್.ಐ.ವಿ.ಗೆ ಮೊದಲ ಮದ್ದಾದ ಎ.ಜಡ್.ಟಿ.ಗೆ 1987ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಅದು ವೈರಾಣುವಿನ ಬರಹದ ಒಂದು ಅಕ್ಷರವನ್ನು ಹೋಲುವ ಹುಸಿ ಅಕ್ಷರ. ಮೋಸಹೋದ ಕಿಣ್ವವು ಅದನ್ನು ಪೋಣಿಸಿದೊಡನೆ ನಕಲು ಅಲ್ಲಿಗೇ ನಿಲ್ಲುತ್ತದೆ. ರೋಗಿಗಳು ಚೇತರಿಸಿಕೊಂಡರು, ಎಲ್ಲರಲ್ಲಿಯೂ ಆಸೆ ಚಿಗುರಿತು. ಆದರೆ 1989ರ ವೇಳೆಗೆ, ತಿಂಗಳುಗಟ್ಟಲೆ ಮದ್ದು ಸೇವಿಸಿದವರಲ್ಲಿ ಅದಕ್ಕೆ ಮಣಿಯದ ವೈರಾಣುಗಳು ಕಂಡುಬಂದುವು.

ವೈರಾಣು ಔಷಧಿಯನ್ನು ಕಂಡು ಉಪಾಯ ಹೂಡಿತೆಂದು ತಿಳಿಯಬಾರದು. ಅದಕ್ಕೆ ಬುದ್ಧಿಯಿಲ್ಲ. ಆಕಸ್ಮಿಕ ತಪ್ಪುಗಳಿಂದ ಹುಟ್ಟಿದ ಕೆಲವು ಪ್ರತಿಗಳು ಹುಸಿ ಅಕ್ಷರಕ್ಕೆ ಅಷ್ಟಾಗಿ ಸಿಕ್ಕಿಬೀಳುತ್ತಿರಲಿಲ್ಲ. ಮದ್ದು ಉಳಿದವನ್ನು ಅಡಗಿಸಿತು. ಇವಕ್ಕೆ ಬಯಲು ತೆರವಾಯಿತು. ಹೊಲದ ಪೈರು ಕಳೆಯೆಲ್ಲ ಒಣಗಿದಾಗ ಬರವನ್ನು ತಾಳುವ ಒಂದೇ ಗಿಡ ಉಳಿದರೆ, ಮುಂದಿನ ವರ್ಷ ಹೊಲವೆಲ್ಲ ಅದರ ಸಂತತಿಯೇ ಅಲ್ಲವೆ? ಇದನ್ನೇ ನಿಸರ್ಗದ ಆಯ್ಕೆ ಎನ್ನುವರು.

ಹಾಗಾದರೆ ಪರಿಹಾರವೇನು? ಒಂದು ಲೆಕ್ಕ ಮಾಡಿ ನೋಡೋಣ. ಒಂದು ಔಷಧಿಗೆ ಲಕ್ಷಕ್ಕೊಂದು ವೈರಾಣು ಮಣಿಯದೆಂದು ಇಟ್ಟುಕೊಂಡರೆ, ಎರಡು ಔಷಧಿಗಳಿಗೂ ಮಣಿಯದುದು ಸಾವಿರ ಕೋಟಿಗೆ ಒಂದು. ದಿನಕ್ಕೆ ಹುಟ್ಟುವುದೂ ಸಾವಿರ ಕೋಟಿ. ಆದುದರಿಂದ ಎರಡು ಸಾಲವು. ಮೂರನ್ನು ಒಟ್ಟಿಗೆ ಕೊಟ್ಟರೆ, ತಪ್ಪಿಸಿಕೊಳ್ಳಬಲ್ಲ ವೈರಾಣು ಮತ್ತೆ ಲಕ್ಷ ಪಾಲು ವಿರಳವಾಗುತ್ತದೆ. 1996ರಿಂದ ಬಳಕೆಗೆ ಬಂದ ತ್ರಿವಳಿ ಚಿಕಿತ್ಸೆಯ ಮರ್ಮ ಇದೇ. ಮರಣ ಖಚಿತವೆಂದಿದ್ದ ರೋಗ ಇದರಿಂದ ಹತೋಟಿಗೆ ಬಂದಿತು. ಭಾರತದಲ್ಲಿ 2004ರ ಏಪ್ರಿಲ್ ತಿಂಗಳಿನಿಂದ ಸರ್ಕಾರವೇ ಈ ಔಷಧಿಗಳನ್ನು ಉಚಿತವಾಗಿ ಕೊಡತೊಡಗಿತು.

ಆದರೆ ಈ ಕೋಟೆಗೆ ಒಂದು ದಿಡ್ಡಿ ಬಾಗಿಲುಂಟು. ಗುಳಿಗೆಗಳನ್ನು ತಪ್ಪದೆ ಸೇವಿಸುತ್ತಿದ್ದರೆ ವೈರಾಣು ರಕ್ತಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಆದರೂ ಕೆಲವು ಜೀವಕೋಶಗಳಲ್ಲಿ ಅಡಗಿಯೇ ಇರುತ್ತದೆ. ಮೇಲಿಂದ ಮೇಲೆ ಗುಳಿಗೆ ತಪ್ಪಿದರೆ ಮದ್ದಿನ ಬಲ ಇಳಿಯುತ್ತದೆ. ವೈರಾಣು ಮತ್ತೆ ನಕಲಿಗೆ ತೊಡಗುತ್ತದೆ. ಅರೆಬರೆ ಮದ್ದಿನ ನಡುವೆಯೇ ಮದ್ದಿಗೆ ಮಣಿಯದ ಪ್ರತಿಗಳು ಆಯ್ಕೆಗೊಳ್ಳುತ್ತವೆ. ಅವು ಮತ್ತೊಬ್ಬರಿಗೆ ಅಂಟಿದರೆ, ಆ ಹೊಸ ರೋಗಿಗೆ ಮೊದಲ ದಿನದಿಂದಲೇ ಆ ಔಷಧಿ ವ್ಯರ್ಥ.

ಗುಳಿಗೆ ತಪ್ಪುವುದು ಮರೆವಿನಿಂದ ಮಾತ್ರವಲ್ಲ. ನೆರೆಹೊರೆಯವರು ಕಂಡಾರೆಂಬ ಅಂಜಿಕೆಯಿಂದ ಮದ್ದನ್ನು ಬಚ್ಚಿಡುವವರುಂಟು. ಗುರುತಿನವರು ಎದುರಾದಾರೆಂದು ಆಸ್ಪತ್ರೆಗೆ ಹೋಗಲು ಹಿಂಜರಿಯುವವರುಂಟು. ಒಂದೇ ಬೆಂಚಿನಲ್ಲಿ ಕುಳಿತರೆ, ಕೈ ಹಿಡಿದರೆ, ಸಹಪಂಕ್ತಿಯಲ್ಲಿ ಉಂಡರೆ ಎಚ್.ಐ.ವಿ. ಹರಡುವುದಿಲ್ಲ. ಇದನ್ನು ಅರಿಯದ ಸಮಾಜವು ರೋಗಿಯನ್ನು ದೂರವಿಟ್ಟರೆ, ತಿಳಿಯದೆಯೇ ವೈರಾಣುವಿನ ಪಕ್ಷವನ್ನು ವಹಿಸಿದಂತಾಗುತ್ತದೆ. ಔಷಧಿಯನ್ನು ವಿಜ್ಞಾನಿಗಳು ಕೊಟ್ಟಿದ್ದಾರೆ; ರೋಗಿಯು ಅದನ್ನು ನಿರ್ಭಯವಾಗಿ ನುಂಗುವಂಥ ನೆರೆಯನ್ನು ನಿರ್ಮಿಸುವುದು ಎಲ್ಲರ ಹೊಣೆ.