ಎಲ್‌ಸ್ಟ್ರೀ ಕಾಲಿಂಗ್

ಪ್ರಶ್ನೆ: ಬ್ರಿಟನ್ನಿನ ಆದಿಕಾಲದ ಸಂಗೀತಪ್ರಧಾನ ವಾಕ್ಚಿತ್ರವೊಂದನ್ನು ಪರಿಚಯಿಸುವಿರಾ?

ಉತ್ತರ: 1930ರಲ್ಲಿ ಬ್ರಿಟಿಷ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆಯು ನಿರ್ಮಿಸಿದ, ಏಡ್ರಿಯನ್ ಬ್ರೂನೆಲ್ ಪ್ರಧಾನವಾಗಿ ನಿರ್ದೇಶಿಸಿ ಆಲ್ಫ್ರೆಡ್ ಹಿಚ್‌ಕಾಕ್ ಕೆಲವು ಭಾಗಗಳನ್ನು ನಿರ್ದೇಶಿಸಿದ ‘ಎಲ್‌ಸ್ಟ್ರೀ ಕಾಲಿಂಗ್’ ಎಂಬ ಚಿತ್ರವು ಈ ದೃಷ್ಟಿಯಿಂದ ಅವಶ್ಯವಾಗಿ ನೋಡತಕ್ಕದ್ದು. ಇದರಲ್ಲಿ ಅಖಂಡವಾದ ಕಥೆಯಿಲ್ಲ. ಟಾಮಿ ಹ್ಯಾಂಡ್ಲಿಯ ನಿರೂಪಣೆಯನ್ನನುಸರಿಸಿ ಗಾಯಕರೂ ನರ್ತಕರೂ ಹಾಸ್ಯನಟರೂ ಒಬ್ಬರ ಬೆನ್ನಿಗೊಬ್ಬರು ಬಂದು ತಮ್ಮ ಕಲೆಯನ್ನು ಮೆರೆಯುತ್ತಾರೆ. ಟೆಲಿವಿಷನ್ ಇನ್ನೂ ಪ್ರಯೋಗಾವಸ್ಥೆಯಲ್ಲಿದ್ದ ಆ ಕಾಲದಲ್ಲಿಯೇ, ಇಡೀ ಕಾರ್ಯಕ್ರಮವು ಅದರ ಮೂಲಕ ಪ್ರಸಾರವಾಗುತ್ತಿರುವುದೆಂದು ಕಲ್ಪಿಸಿ, ಗಾರ್ಡನ್ ಹಾರ್ಕರ್ ಅಭಿನಯಿಸಿದ ಗೃಹಸ್ಥನು ತನ್ನ ಟೆಲಿವಿಷನ್ ಯಂತ್ರವನ್ನು ಸರಿಪಡಿಸಲು ಹೆಣಗುವ ದೃಶ್ಯಗಳನ್ನು ನಡುನಡುವೆ ಹೆಣೆದಿರುವುದು ವಿಶೇಷ. ಕೆಲವು ದೃಶ್ಯಗಳಿಗೆ ಅಚ್ಚುಹಾಳೆಯ (ಸ್ಟೆನ್ಸಿಲ್) ವಿಧಾನದಿಂದ ಬಣ್ಣವನ್ನೂ ತುಂಬಲಾಗಿತ್ತು. ಅಂದಿನ ಆಂಗ್ಲ ರಂಗಭೂಮಿಯ ಕಲಾವಿದರ ಕಂಠ, ನಡಿಗೆ, ಹಾವಭಾವಗಳನ್ನು ಜೀವಂತವಾಗಿ ಕಾಪಾಡಿಕೊಟ್ಟಿರುವುದೇ ಈ ಕೃತಿಯ ಚಿರಂತನ ಮೌಲ್ಯವಾಗಿದೆ.