ದನಕ್ಕೆ ಬಾಯಿಲ್ಲ, ಡಾಕ್ಟರಿಗೆ ನಾಲ್ಕು ಭಾಷೆ ಬೇಕು!

ಚಿಕ್ಕೇರೂರು: ಮನುಷ್ಯರ ಡಾಕ್ಟರಿಗೆ ರೋಗಿಯೇ "ಇಲ್ಲಿ ನೋವೈತ್ರೀ" ಎಂದು ತೋರಿಸುತ್ತಾನೆ. ದನದ ಡಾಕ್ಟರಿಗೆ ಆ ಭಾಗ್ಯವಿಲ್ಲ. ಆಕಳು ಹೇಳಲಾರದ್ದನ್ನು ಮಾಲಕನ ಬಾಯಿಂದ ಹೊರಡಿಸಬೇಕು. ಮಾಲಕನ ಭಾಷೆಯೋ ಮನೆಗೊಂದು! ಹಿರೇಕೆರೂರು ಸೀಮೆಯಲ್ಲಿ ಕನ್ನಡದ ಜತೆಗೆ ಮುಸ್ಲಿಮರ ಮನೆಯ ಉರ್ದು, ತಾಂಡಾದ ಲಂಬಾಣಿ. ಬದಲಿಯಾಗಿ ಮುಂಡಗೋಡದ ಕಡೆ ಹೋದರೆ ಗೌಳಿಗರ ಮರಾಠಿ. ಓದಿದ ಪುಸ್ತಕ ಮಾತ್ರ ಇಂಗ್ಲಿಷಿನದು.

ಇಷ್ಟೆಲ್ಲ ಕಲಿಯುವುದೆಲ್ಲಿ? ಅರ್ಧ ಊರಲ್ಲಿ, ಅರ್ಧ ಓದಿನ ದಾರಿಯಲ್ಲಿ.

1956ರ ನವೆಂಬರ್ 1ರ ತನಕ ಈ ಸೀಮೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಪಶುವೈದ್ಯ ಆಗಬೇಕೆಂಬ ಹುಡುಗನಿಗೆ ತನ್ನ ರಾಜ್ಯದ ಕಾಲೇಜು ಎಂದರೆ 1886ರಲ್ಲಿ ಶುರುವಾದ ಮುಂಬಯಿ ಪರೇಲಿನದು. ಹೋದವನಿಗೆ ಮರಾಠಿ, ಹಿಂದಿ ತಾನಾಗಿ ಬರುತ್ತಿತ್ತು. 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲೇಜು ತೆರೆದ ಮೇಲೆ ದಾರಿ ದಕ್ಷಿಣಕ್ಕೆ ತಿರುಗಿತು. ಅಲ್ಲಿ ಕಿವಿಗೆ ತೆಲುಗು, ತಮಿಳು ಬಿತ್ತು. ಆಮೇಲೆ ಬೀದರಿನಲ್ಲಿ ಕಾಲೇಜು ಬಂತು, ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಅಲ್ಲೇ ಆಯಿತು. ಅದು ಉರ್ದು, ಮರಾಠಿ, ತೆಲುಗು ಮೂರೂ ಕೂಡುವ ಗಡಿ. ಈಗ ಶಿವಮೊಗ್ಗ, ಗದಗದಲ್ಲೂ ಕಾಲೇಜುಂಟು. ಪಿಯುಸಿ ವಿಜ್ಞಾನ ಮುಗಿಸಿದವನಿಗೆ ತರಬೇತಿ ಸೇರಿ ಐದೂವರೆ ವರ್ಷದ ಓದು.

ಭಾಷೆ ತಿಳಿಯದಿದ್ದರೆ ಏನಾದೀತು ಎನ್ನುವವರು ಚಪ್ಪೆರೋಗ ನೋಡಬೇಕು. ನಿನ್ನೆ ಜಿಗಿದಾಡಿದ ಹೋರಿಗರು ಇವತ್ತು ಕುಂಟುತ್ತದೆ. "ತೊಡಿ ಬಾತೈತ್ರೀ, ಒತ್ತಿದ್ರ ಚರಚರ ಅಂತೈತಿ" ಎಂದು ರೈತ ಫೋನಿನಲ್ಲಿ ಹೇಳಿದ ಆ ಒಂದು 'ಚರಚರ'ದಲ್ಲೇ ರೋಗದ ಗುರುತಿದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ರೋಗವದು. ಬೇಗ ತಿಳಿದರಷ್ಟೇ ಪೆನ್ಸಿಲಿನ್ ಕೆಲಸ ಮಾಡೀತು. ಮಾತು ಅರ್ಥವಾಗದೆ ಡಾಕ್ಟರು ನಾಳೆಗೆಂದರೆ ಕರು ಉಳಿಯದು. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುವುದೇ ಲೇಸು.

2022ರಲ್ಲಿ ಹಾವೇರಿ ಜಿಲ್ಲೆಗೆ ಚರ್ಮಗಂಟು ರೋಗ ನುಗ್ಗಿದಾಗಲೂ ಇದೇ ಪಾಠ. ಲಸಿಕೆ ಯಾಕೆ, ರೋಗದ ದನವನ್ನು ಬೇರೆ ಕಟ್ಟುವುದು ಯಾಕೆ ಎಂಬುದನ್ನು ಅವರವರ ಮನೆಮಾತಿನಲ್ಲಿ ಹೇಳಿದರೇ ನಂಬಿಕೆ ಹುಟ್ಟುವುದು. ಸೂಜಿಗಿಂತ ಮೊದಲು ಮಾತು ನಾಟಬೇಕು.

ಇಷ್ಟಾದರೂ "ಮನುಷ್ಯರ ಡಾಕ್ಟರ್ ಸೀಟು ಸಿಗಲಿಲ್ಲ, ಅದಕ್ಕೇ ದನದ ಡಾಕ್ಟರಾದ" ಎಂದು ಮೂಗು ಮುರಿಯುವವರು ಕಡಿಮೆಯಿಲ್ಲ. ಕೊಟ್ಟಿಗೆಯಲ್ಲಿ ಸೆಗಣಿ ಬಾಚಿ, ಗೆಳೆಯರ ಜತೆ ಎರಡು ಮೂರು ಭಾಷೆ ಆಡಿ ಬೆಳೆದ ಚಿಕ್ಕೇರೂರಿನ ಮಕ್ಕಳು ಈ ವಿದ್ಯೆಯ ಅರ್ಧ ಪಾಠ ಆಗಲೇ ಕಲಿತಿರುತ್ತಾರೆ. ಉಳಿದರ್ಧಕ್ಕೆ ಅವರನ್ನು ಕಳಿಸುವುದು ಹೆತ್ತವರ ಕೈಲಿದೆ. ಮಗನಷ್ಟೇ ಅಲ್ಲ, ಮಗಳನ್ನೂ!