ಉರಿಯ ಶಾಖ ಎಲ್ಲಿ ಹೋಗುತ್ತದೆ?

ಒಂದು ಕಿಲೋಗ್ರಾಂ ಅಡುಗೆ ಅನಿಲ ಉರಿದರೆ ಸುಮಾರು 46 ಮೆಗಾಜೂಲ್ ಶಾಖ ಹುಟ್ಟುತ್ತದೆ. ಮನೆಯ ಗ್ಯಾಸ್ ಒಲೆಯ ದಕ್ಷತೆ ಕನಿಷ್ಠ ಶೇ. 68 ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅಂದರೆ ಒಪ್ಪಿತ ಒಲೆಯಲ್ಲೂ ಮೂರನೇ ಒಂದರಷ್ಟು ಶಾಖ ಪಾತ್ರೆಯನ್ನು ತಲುಪದೆ ಹೋಗಬಹುದು. ಮೂರು ಕಲ್ಲಿನ ಸೌದೆ ಒಲೆಯ ಸ್ಥಿತಿ ಇನ್ನೂ ಕಷ್ಟ: ಅಲ್ಲಿ ಪಾತ್ರೆಗೆ ಸೇರುವುದು ಸಾಮಾನ್ಯವಾಗಿ ಶೇ. 10–15 ಮಾತ್ರ.

ಸೋರಿಕೆಯ ದೊಡ್ಡ ದಾರಿ ಬಿಸಿ ಗಾಳಿಯೇ. ಉರಿಗೆ ಬೇಕಾದದ್ದು ಆಮ್ಲಜನಕ. ಆದರೆ ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವೂ ಜೊತೆಗೆ ಬಂದು, ಉರಿಗೆ ಏನೂ ಕೊಡದೆ, ಕಾದು ಹೊರಹೋಗುತ್ತದೆ. ತೆರೆದ ಒಲೆಗೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಗಾಳಿ ನುಗ್ಗುವುದರಿಂದ ಉರಿಯೇ ತಣ್ಣಗಾಗುತ್ತದೆ. ಸೌದೆಯ ಉರಿ ಹಳದಿಯಾಗಿ ಕಾಣುವುದು ಅದರಲ್ಲಿ ಕಾದು ಹೊಳೆಯುವ ಮಸಿಯ ಕಣಗಳಿಂದ; ಅವು ಎಲ್ಲ ದಿಕ್ಕಿಗೂ ಶಾಖ ಸೂಸುತ್ತವೆ. ಒಲೆಯ ಮಣ್ಣೂ ತನ್ನ ಪಾಲು ಹೀರುತ್ತದೆ. ಇನ್ನು, ತಣ್ಣನೆಯ ಪಾತ್ರೆ ಉರಿಯ ಒಳನಾಲಿಗೆಗೆ ತಾಗಿದರೆ ಅಲ್ಲಿ ದಹನ ಅರ್ಧಕ್ಕೇ ನಿಂತು, ಕಾರ್ಬನ್ ಮೊನಾಕ್ಸೈಡ್ ಉಳಿಯುತ್ತದೆ, ತಳಕ್ಕೆ ಮಸಿ ಹಿಡಿಯುತ್ತದೆ.

ಈ ದಾರಿಗಳನ್ನು ಒಂದೊಂದಾಗಿ ಕಟ್ಟುವ ಕೆಲಸ ಬೆಂಗಳೂರಿನಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ 1980ರ ದಶಕದ ಆರಂಭದಲ್ಲಿ ಅಸ್ತ್ರ ಒಲೆಯನ್ನು ರೂಪಿಸಿತು. ಉರಿಗೂಡಿಗೆ ಮುಚ್ಚಳ, ಗಾಳಿ ಹಿಡಿತದಲ್ಲಿ ಬರಲು ಜಾಲರಿ, ಸಂದಿಲ್ಲದೆ ಕೂರುವ ಪಾತ್ರೆಗಳು. ಮೊದಲ ಪಾತ್ರೆ ಬಿಟ್ಟ ಶಾಖವನ್ನು ಎರಡನೆಯದು, ಮೂರನೆಯದು ಪಡೆಯುತ್ತವೆ, ಕೊನೆಗೆ ಹೊಗೆ ಕೊಳವೆಯಿಂದ ಹೊರಗೆ. ಸೌದೆಯ ಉಳಿತಾಯಕ್ಕಿಂತಲೂ ಅಡುಗೆಮನೆಯ ಹೆಣ್ಣುಮಕ್ಕಳ ಕಣ್ಣು, ಎದೆ ಹೊಗೆಯಿಂದ ಪಾರಾದದ್ದೇ ಇದರ ದೊಡ್ಡ ಸಾಧನೆ.

ಆದರೆ ಎಂತಹ ಒಲೆಯೂ ತಡೆಯಲಾಗದ ಇನ್ನೊಂದು ನಷ್ಟವಿದೆ. ಅನಿಲದ ಉರಿಯ ತಾಪ ಸುಮಾರು 2,200 ಕೆಲ್ವಿನ್‌ವರೆಗೆ ಏರಬಲ್ಲದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 370 ಕೆಲ್ವಿನ್‌ಗೆ. ಶಾಖವನ್ನು ಕೆಲ್ವಿನ್ ತಾಪದಿಂದ ಭಾಗಿಸಿದರೆ ಅದರೊಡನೆ ಸಾಗುವ ಎಂಟ್ರೊಪಿ ಸಿಗುತ್ತದೆ; ಅದು ಹೆಚ್ಚಿದಷ್ಟೂ ಶಾಖದಿಂದ ಕೆಲಸ ತೆಗೆಯುವುದು ಕಷ್ಟ. 1,000 ಜೂಲ್ ಶಾಖ ಅಷ್ಟು ಬಿಸಿಯಾದ ಉರಿಯನ್ನು ಬಿಡುವಾಗ 0.45 ಘಟಕ ಎಂಟ್ರೊಪಿ ಕಳೆಯುತ್ತದೆ. ಅದೇ ಶಾಖ ನೀರಿಗೆ ಸೇರುವಾಗ 2.7 ಘಟಕ ಕೂಡುತ್ತದೆ. ಒಂದು ಜೂಲ್ ಕೂಡ ಸೋರಿಲ್ಲ, ಆದರೂ ಎಂಟ್ರೊಪಿ ಆರು ಪಟ್ಟಾಯಿತು. ಯಂತ್ರ ನಡೆಸಬಲ್ಲ ಶಾಖ ಬರೀ ನೀರು ಕಾಯಿಸುವ ಶಾಖವಾಗಿ ಇಳಿಯಿತು. ಹಾಗೆ ನೋಡಿದರೆ ಇಂಧನ ಉರಿಯುವ ಕ್ರಿಯೆಯಲ್ಲೇ ಅದರ ಕೆಲಸ ಮಾಡುವ ಸಾಮರ್ಥ್ಯದ ಕಾಲುಭಾಗಕ್ಕೂ ಹೆಚ್ಚು ಹೋಗಿರುತ್ತದೆ.

ಸ್ನಾನದ ನೀರಿನಲ್ಲಿ ಈ ಅಂತರ ಇನ್ನೂ ಢಾಳಾಗಿ ಕಾಣುತ್ತದೆ. 45 ಡಿಗ್ರಿಯ ನೀರಿನಲ್ಲಿರುವ ಶಾಖದಲ್ಲಿ ಕೆಲಸವಾಗಿ ಮಾರ್ಪಡಬಲ್ಲದ್ದು ಶೇ. 5ಕ್ಕೂ ಕಡಿಮೆ. ಅದಕ್ಕಾಗಿ ಗ್ಯಾಸ್ ಗೀಸರ್ ಅಥವಾ ಹಂಡೆಯ ಒಲೆ ಉರಿಸುವುದು ದುಬಾರಿ ಸರಕನ್ನು ಅಗ್ಗದ ಕೆಲಸಕ್ಕೆ ಸುರಿದಂತೆ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ತಾರಸಿಗಳ ಮೇಲೆ ಕಾಣುವ ಸೋಲಾರ್ ಹೀಟರ್‌ಗಳು ಈ ಲೆಕ್ಕಕ್ಕೆ ಸರಿಹೊಂದುತ್ತವೆ: ಬೇಕಾದದ್ದು 45 ಡಿಗ್ರಿ, ಬಿಸಿಲು ಕೊಡುವುದು ಸುಮಾರು 60. ಮೋಡ ಕವಿದ ಜುಲೈ, ಆಗಸ್ಟ್‌ನಲ್ಲಿ ಮಾತ್ರ ಗ್ಯಾಸ್ ಅಥವಾ ವಿದ್ಯುತ್ತಿನ ನೆರವು ಬೇಕಾಗುತ್ತದೆ.